ಹಗಲು ಹೇಳಿದ ಕತೆ

ಭದ್ರಾವತಿಯ ನ್ಯೂ ಟೌನಿನ ಕೂಲಿ ಲೈನಿನಲ್ಲಿ ಮಕ್ಕಳನ್ನು ಹಿಡಿದು ಕೂರಿಸುವುದು ಹುಡುಗಾಟದ ಮಾತಾಗಿರಲಿಲ್ಲ. ಕಬ್ಬಿಣದ ಕಾರ್ಖಾನೆಯ ಸೈರನ್ ಕೂಗಿ ಅಪ್ಪಂದಿರು ಪಾಳಿಗೆ ಹೋದರೆ ಸಾಕು, ತಮಿಳರ ಹುಡುಗರು, ತೆಲುಗರ ಹುಡುಗರು, ಗೌಡರ ಮಕ್ಕಳು, ಸಾಬರ ಮಕ್ಕಳು ಎಲ್ಲ ಒಂದಾಗಿ ಬೀದಿಗೆ ಬೀಳುತ್ತಿದ್ದವು. ಜಗಳ ಯಾವ ಭಾಷೆಯಲ್ಲಿ ಶುರುವಾಗಿ ಯಾವ ಭಾಷೆಯಲ್ಲಿ ಮುಗಿಯುತ್ತಿತ್ತೋ ದೇವರೇ ಬಲ್ಲ. ಆ ಸೈನ್ಯ ಬಾಯಿ ಮುಚ್ಚಿ ಕೂರುತ್ತಿದ್ದ ಜಾಗ ಇಡೀ ಲೈನಿನಲ್ಲಿ ಒಂದೇ. ಅದು ಲಾರಿ ಡ್ರೈವರ್ ಇನಾಯತುಲ್ಲಾನ ಮನೆಯ ಜಗಲಿ. ಕೂರಿಸುತ್ತಿದ್ದವಳು ಅವನ ಹೆಂಡತಿ ಕರೀಮಾಬಿ. ಮಕ್ಕಳ ಬಾಯಲ್ಲಿ ಬೀಬಮ್ಮ.

ಅವಳ ಜಗಲಿಗೆ ಎರಡು ಕಾನೂನು. ದೀಪ ಹಚ್ಚುವ ತನಕ ಕತೆ ಇಲ್ಲ, ಇದು ಮೊದಲನೆಯದು. ಮಾತು ಮಾತಿಗೂ ಕೇಳುವವರು ಹೂಂ ಅನ್ನಬೇಕು, ಇದು ಎರಡನೆಯದು. ಹೂಂ ನಿಂತರೆ ಕತೆಯೂ ನಿಂತಲ್ಲೇ ನಿಲ್ಲುತ್ತದೆ. ಒಮ್ಮೆ ಮಕ್ಕಳೆಲ್ಲ ತೂಕಡಿಸಿ ಬಿದ್ದಿದ್ದಕ್ಕೆ ಒಬ್ಬ ರಾಜಕುಮಾರ ಮಾರನೆಯ ದಿನ ದೀಪ ಹಚ್ಚುವವರೆಗೂ ಬಾವಿಯೊಳಗೇ ನೇತಾಡಿಕೊಂಡಿದ್ದ.

ಈ ಕಾನೂನುಗಳನ್ನು ಅವಳೇನೂ ಮಾಡಿದ್ದಲ್ಲ. ಶಿವಮೊಗ್ಗದಲ್ಲಿ, ತುಂಗೆಗೆ ಹತ್ತಿರದ ಒಂದು ಗಲ್ಲಿಯಲ್ಲಿ ಹುಟ್ಟಿದವಳು ಅವಳು. ಅಪ್ಪ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತ ಕುಂಸಿ, ಹೊಳೆಹೊನ್ನೂರು ಅಂತ ಊರೂರು ತಿರುಗುವವನು. ಹಗಲಿನಲ್ಲಿ ಕತೆ ಹೇಳಿದರೆ ದಾರಿಹೋಕರು ದಾರಿ ತಪ್ಪುತ್ತಾರೆ ಅನ್ನುವುದು ಅವಳ ದಾದಿಯ ಮಾತು. ದಾದಿ ಎಂದರೆ ಅಪ್ಪನ ತಾಯಿ. ಪಕ್ಕದ ಮನೆಯ ದುರ್ಗಮ್ಮನ ಮಾತೂ ಅದೇ. ಆ ಇಬ್ಬರು ಮುದುಕಿಯರು ನಲ್ಲಿಯ ನೀರಿಗೆ ಜಗಳವಾಡುತ್ತಿದ್ದರು, ಹಬ್ಬ ಬಂದರೆ ತಿಂಡಿ ಕೊಟ್ಟು ತೆಗೆದುಕೊಳ್ಳುತ್ತಿದ್ದರು, ಮತ್ತೆ ಜಗಳವಾಡುತ್ತಿದ್ದರು. ಈ ಒಂದು ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮತ. ಒಂದು ಮಧ್ಯಾಹ್ನ ಪುಟ್ಟ ಕರೀಮಾ ಅತ್ತು ಕರೆದು ದುರ್ಗಮ್ಮನಿಂದ ಅರ್ಧ ಕತೆ ಹೇಳಿಸಿದಳು. ಆ ವಾರ ಅಪ್ಪ ಮನೆಗೆ ಬರಲಿಲ್ಲ. ಜ್ವರ ಬಂದು ಯಾವುದೋ ಹಳ್ಳಿಯ ಛತ್ರದಲ್ಲಿ ಮಲಗಿದ್ದ. ಬದುಕಿ ಬಂದನೇನೋ ಸರಿ, ಆದರೆ ಹುಡುಗಿಯ ಎದೆಯಲ್ಲಿ ಆ ಹೆದರಿಕೆ ಮೊಳೆ ಹೊಡೆದಂತೆ ಕೂತುಬಿಟ್ಟಿತು.

ಅವಳ ಕತೆಗಳೂ ಹಾಗೆಯೇ, ಅರ್ಧ ದಾದಿಯವು, ಅರ್ಧ ದುರ್ಗಮ್ಮನವು. ಎಲ್ಲಿ ಒಬ್ಬಳದು ಮುಗಿದು ಇನ್ನೊಬ್ಬಳದು ಶುರುವಾಗುತ್ತದೆ ಎಂದು ಕೇಳಿದರೆ ಅವಳಿಗೇ ಗೊತ್ತಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ.

ಮದುವೆಯಾಗಿ ಭದ್ರಾವತಿಗೆ ಬಂದಾಗ ಕಾರ್ಖಾನೆ ಇನ್ನೂ ಹೊಸದು, ಲೈನಿನ ಸುಣ್ಣವೂ ಹೊಸದು. ಇನಾಯತುಲ್ಲಾ ಒಳ್ಳೆಯವನು, ಮಾತು ಕಡಿಮೆ, ಕೆಮ್ಮು ಜಾಸ್ತಿ. ಕಾಡಿನಿಂದ ಸೌದೆ, ಇದ್ದಿಲು ತರುವ ಲಾರಿ ಅವನದು. ಕತೆಗಿತೆಯೆಲ್ಲ ಹೆಂಗಸರ, ಮಕ್ಕಳ ಬಾಬತ್ತು ಎಂದು ಒಳಗೆ ಬೆನ್ನು ತಿರುಗಿಸಿ ಮಲಗುವವನು. ಕರೀಮಾಬಿಗೆ ಎರಡು ಮಕ್ಕಳು ಹುಟ್ಟಿದವು, ಎರಡೂ ಉಳಿಯಲಿಲ್ಲ. ಆಮೇಲೆ ಅವಳು ಆ ಮಾತು ಎತ್ತುತ್ತಿರಲಿಲ್ಲ, ನಾವೂ ಎತ್ತುವುದು ಬೇಡ.

ಎದುರು ಮನೆಯ ಶಾಂತಮ್ಮ ಹೆತ್ತು ಸನ್ನಿ ಹಿಡಿದು ತಿಂಗಳುಗಟ್ಟಲೆ ಮಲಗಿದಾಗ ಆ ಕೂಸನ್ನು ಎತ್ತಿಕೊಂಡವಳು ಕರೀಮಾಬಿ. ಅದೇ ಸತ್ಯಭಾಮಾ. ಹಟಮಾರಿ ಕೂಸು, ಕಣ್ಣು ಮುಚ್ಚುತ್ತಲೇ ಇರಲಿಲ್ಲ. ದಾದಿ ಹಾಡುತ್ತಿದ್ದ ಒಂದು ಜೋಗುಳಕ್ಕೆ ಮಾತ್ರ ಬಗ್ಗುತ್ತಿತ್ತು.

“ನಿಂದೀ ಬೀ ಆಯೀ, ಚಪ್ಲಾಂ ಛೋಡ್ಕೊ ಆಯೀ...”

ನಿದ್ದೆಯಮ್ಮ ಬಂದಳು, ಚಪ್ಪಲಿ ಹೊರಗೆ ಬಿಟ್ಟು ಬಂದಳು. ಅಷ್ಟೇ ಹಾಡು. ಸದ್ದಾದರೆ ಮಗು ಎದ್ದೀತೆಂದು ನಿದ್ದೆಯೇ ಬರಿಗಾಲಲ್ಲಿ ಬರುತ್ತಾಳಂತೆ. ಸತ್ಯಭಾಮಾ ಮಾತು ಕಲಿಯುವ ಮೊದಲೇ ಈ ಹಾಡು ಕಲಿತಳು. ಶಾಂತಮ್ಮ ಎದ್ದು ಓಡಾಡುವಂತಾದ ಮೇಲೂ ಹುಡುಗಿ ಊಟಕ್ಕೆ ಅಲ್ಲಿ, ಕತೆಗೆ ಇಲ್ಲಿ. “ನಂಗೆ ಹೆತ್ತ ಹೊಟ್ಟೆನೋವು, ನಿಂಗೆ ಮಗಳು! ಒಳ್ಳೆ ವ್ಯಾಪಾರ ಕಣೇ ಮಾರಾಯ್ತಿ,” ಎಂದು ಶಾಂತಮ್ಮ ನಗುತ್ತಿದ್ದಳು.

ಹೊನ್ನಯ್ಯ ಮೇಷ್ಟ್ರು ಶಿವಮೊಗ್ಗದಿಂದ ರೈಲು ಹತ್ತಿ ಇವಳನ್ನು ಹುಡುಕಿಕೊಂಡು ಬಂದದ್ದು ಯುದ್ಧ ಮುಗಿದ ಮಾರನೆಯ ಬೇಸಿಗೆ. ಖಾದಿ ಜುಬ್ಬ, ಹೆಗಲಿಗೆ ಚೀಲ. ಚಳವಳಿಯಲ್ಲಿ ಜೈಲಿಗೂ ಹೋಗಿ ಬಂದವರು. ನಾಡಿನ ಅಜ್ಜಿಯರ ಕತೆಗಳನ್ನೆಲ್ಲ ಕೂಡಿಸಿ ಮಕ್ಕಳಿಗೊಂದು ಪುಸ್ತಕ ಮಾಡಬೇಕೆಂದು ಊರೂರು ಸುತ್ತುತ್ತಿದ್ದರು.

“ನೋಡಿ ಅಮ್ಮ, ನಮ್ಮ ಮಕ್ಕಳು ಇಂಗ್ಲಿಷ್ ರೀಡರಿನಲ್ಲಿ ಓದೋದೇನು? ಹಿಮ ಬಿತ್ತಂತೆ, ತೋಳ ಬಂತಂತೆ, ರಾಜಕುಮಾರಿಗೆ ಬಂಗಾರದ ಕೂದಲಂತೆ. ಹಿಮ ಅಂದ್ರೇನು ಸಾರ್ ಅಂತ ಕೇಳಿದ್ರೆ ನಾನು ಉಪ್ಪು ತೋರಿಸ್ಬೇಕು! ಯುರೋಪಿನಲ್ಲಿ ಚೂರುಚೂರಾಗಿದ್ದ ಜನ ಅಜ್ಜಿ ಕತೆಗಳನ್ನ ಕೂಡಿಸಿ, ನಾವೆಲ್ಲ ಒಂದೇ ದೇಶ ಅಂತ ತಿಳ್ಕೊಂಡ್ರು. ನಮಗೆ ಅಜ್ಜಿಯರಿಲ್ವಾ?”

“ಇದ್ದಾರೆ ಮೇಷ್ಟ್ರೇ, ಅದಕ್ಕೇನು ಬರ? ಸಂಜೆ ತನಕ ಇರಿ, ಹೇಳ್ತೀನಿ,” ಎಂದಳು ಕರೀಮಾಬಿ.

“ಸಂಜೆ ರೈಲಿಗೆ ನಾನು ವಾಪಸ್ ಹೋಗ್ಬೇಕು. ಈಗಲೇ ಹೇಳಿ.”

“ಈಗ ಆಗಲ್ಲ. ನಮ್ಮೋರು ದಾರಿ ಮೇಲಿದ್ದಾರೆ.”

ಇನಾಯತುಲ್ಲಾ ಅಂದು ಲಾರಿ ತೆಗೆದುಕೊಂಡು ಶಿವಮೊಗ್ಗಕ್ಕೆ ಹೋಗಿದ್ದ. ಮಾಚೇನಹಳ್ಳಿಯ ಆಚೆ ಈಚೆ ಆಗ ಬರೀ ಕುರುಚಲು ಕಾಡು. ಪೆಟ್ರೋಲಿನ ಬರದಿಂದ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಆ ಲಾರಿ ಎಲ್ಲಿ ಮುನಿಸಿಕೊಂಡು ನಿಲ್ಲುತ್ತದೋ ಹೇಳಲು ಬರುತ್ತಿರಲಿಲ್ಲ. ಮೇಷ್ಟ್ರು ಅವಳ ಹೆದರಿಕೆಗೆ ನಗಲಿಲ್ಲ. ಆ ಒಳ್ಳೆಯತನ ಅವರಲ್ಲಿತ್ತು, ಅದನ್ನು ಇಲ್ಲವೆನ್ನಬಾರದು.

“ನಿಮ್ಮ ಸಂಕಟ ನಂಗೆ ಗೊತ್ತಾಗುತ್ತೆ. ಆದ್ರೂ ಕೇಳ್ತಿದ್ದೀನಿ, ದೇಶಕ್ಕೋಸ್ಕರ. ನಾಳೆ ಸ್ವತಂತ್ರ ಬಂದಾಗ ಮಕ್ಕಳ ಕೈಲಿ ನಮ್ಮದೇ ಕತೆ ಇರಬೇಡ್ವಾ?”

ನಮ್ಮದೇ. ಆ ಮಾತಿಗೆ ಕರೀಮಾಬಿ ಸೋತಳು. ರೇಷನ್ನಿಗೆ ನಿಂತಾಗ, ಆಸ್ಪತ್ರೆಗೆ ಹೋದಾಗ, ಸಂತೆಯಲ್ಲಿ ಚೌಕಾಸಿ ಮಾಡಿದಾಗ ಅವಳು ಸಾಬರ ಹೆಂಗಸು. ದೇಶ ಎಂಬ ದೊಡ್ಡ ಯಜಮಾನ ಅವಳ ಮನೆ ಬಾಗಿಲಿಗೆ ಬಂದು, ನಿನ್ನ ಹತ್ತಿರ ಇರುವುದು ನನಗೆ ಬೇಕು, ಅದು ನಮ್ಮದು ಅಂದದ್ದು ಹುಟ್ಟಿದಂದಿನಿಂದ ಅದೇ ಮೊದಲು.

ಅವಳು ಎದ್ದು ಬಾಗಿಲು ಹಾಕಿದಳು. ಕಿಟಕಿಗೆ ಕಂಬಳಿ ಕಟ್ಟಿದಳು. ಉರಿಬಿಸಿಲಿನ ಹೊತ್ತಿನಲ್ಲಿ ಚಿಮಣಿ ದೀಪ ಹಚ್ಚಿ ನಡುವೆ ಇಟ್ಟಳು. ಕತೆಗೆ ಹಗಲೆಂದು ಗೊತ್ತಾಗಬಾರದಲ್ಲ! ಮೇಷ್ಟ್ರು ಬೆವರು ಒರೆಸಿಕೊಳ್ಳುತ್ತ ಬರೆಯಲು ಕೂತರು. ಬರೆಯುವವರಿಗೆ ಹೂಂ ಅನ್ನಲು ಪುರುಸೊತ್ತೆಲ್ಲಿ? ಅದಕ್ಕೆ ಸತ್ಯಭಾಮಾಳನ್ನು ಕರೆದು ಕೂರಿಸಿದ್ದಾಯಿತು.

ಹೇಳಿದ್ದು ನಿದ್ದೆ ಬಾರದ ರಾಜಕುಮಾರಿಯ ಕತೆ. ಹುಟ್ಟಿದಂದಿನಿಂದ ಅವಳು ಕಣ್ಣು ಮುಚ್ಚಿದವಳಲ್ಲ. ವೈದ್ಯರು, ಹಕೀಮರು, ಮಂತ್ರವಾದಿಗಳು ಎಲ್ಲರೂ ಬಂದು ಸೋತು ಹೋದರು. ಒಂದು ದಿನ ದಾರಿ ತಪ್ಪಿದ ಒಬ್ಬ ಪರದೇಶಿ ಅರಮನೆಯ ಬಾಗಿಲಿಗೆ ಬಂದ. ಅವನ ಮಾತು ಯಾರಿಗೂ ತಿಳಿಯದು, ಅವನ ಊರು ಯಾರೂ ಕೇಳಿದ್ದಲ್ಲ. ಕೈಸನ್ನೆ ಮಾಡಿ ನೀರು ಕೇಳಿದ. ಕಾವಲಿನವರು ಗದರಿದರು, ರಾಜಕುಮಾರಿಯೇ ಬಂದು ನೀರು ಕೊಟ್ಟಳು. ಅವಳ ಕೆಂಪು ಕಣ್ಣು ನೋಡಿ ಅವನಿಗೆ ಮರುಕ ಹುಟ್ಟಿತು. ತನ್ನ ತಾಯಿ ತನಗೆ ಹಾಡಿದ ಜೋಗುಳವನ್ನು ತನ್ನ ಭಾಷೆಯಲ್ಲಿ ಹಾಡಿದ. ಒಂದು ಮಾತೂ ಅರ್ಥವಾಗದೆ ರಾಜಕುಮಾರಿ ನಿದ್ದೆ ಹೋದಳು. ಏನು ಬೇಕು ಕೇಳು ಎಂದ ರಾಜ. ನನ್ನೂರಿನ ದಾರಿ ತೋರಿಸಿ ಎಂದು ಸನ್ನೆ ಮಾಡಿದ ಪರದೇಶಿ. ತೋರಿಸಲು ಬಲ್ಲವರು ಒಬ್ಬರೂ ಇರಲಿಲ್ಲ. ಬೆಳಿಗ್ಗೆ ರಾಜಕುಮಾರಿ ಎದ್ದು ಅವನನ್ನು ಮಾವ ಎಂದು ಕರೆದಳು. ಅಂದಿನಿಂದ ಅದೇ ಅವನ ಊರಾಯಿತು.

ಜೋಗುಳದ ಜಾಗದಲ್ಲಿ ಕರೀಮಾಬಿ ನಿಂದೀ ಬೀಯನ್ನು ಹಾಡಿದಳು. “ಹೂಂ,” ಎಂದಳು ಸತ್ಯಭಾಮಾ.

ಆ ಸಂಜೆ ಇನಾಯತುಲ್ಲಾ ತಡಮಾಡಿದ. ಕರೀಮಾಬಿ ಬೀದಿಯ ತುದಿಗೂ ಮನೆಗೂ ಓಡಾಡಿ ಕಾಲು ಸವೆಸಿಕೊಂಡಳು. ಕೊನೆಗೆ ಲಾರಿಯ ಕೆಮ್ಮು ಕೇಳಿಸಿತು, ಹಿಂದೆಯೇ ಅವನದೂ. ಅವಳು ಗೋಡೆಗೆ ಒರಗಿ ಅಲ್ಲಾನನ್ನು ನೆನೆದಳು. ದೀಪದ ಉಪಾಯ ಫಲಿಸಿತು, ಯಾರೂ ದಾರಿ ತಪ್ಪಲಿಲ್ಲ ಎಂದುಕೊಂಡಳು.

ಪುಸ್ತಕ ಬಂದದ್ದು ಮರು ವರ್ಷದ ಮಳೆಗಾಲದಲ್ಲಿ. ಮೇಷ್ಟ್ರು ಮರೆಯದೆ ಒಂದು ಪ್ರತಿ ಕಳಿಸಿದ್ದರು. ಕರೀಮಾಬಿಗೆ ಓದು ಬಾರದು, ಇನಾಯತುಲ್ಲಾನಿಗೆ ಬರುತ್ತಿದ್ದದ್ದು ಮೈಲಿಗಲ್ಲಿನ ಅಕ್ಷರ ಮಾತ್ರ. ಅವಳು ಪುಸ್ತಕವನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿಟ್ಟಳು. ಬಂದವರಿಗೆಲ್ಲ ಬಿಚ್ಚಿ ತೋರಿಸಿದಳು. ಒಬ್ಬರಿಗಾದರೂ ಓದಿ ಹೇಳಿ ಅನ್ನಲಿಲ್ಲ. ತನ್ನದೇ ಕತೆಯನ್ನು ಇನ್ನೊಬ್ಬರಿಂದ ಓದಿಸಿ ಕೇಳುವುದೇನು ಎಂಬ ಜಂಬ. ಆ ಜಂಬ ಅವಳಿಗೆ ಸಲ್ಲತಕ್ಕದ್ದೇ ಆಗಿತ್ತು.

ಆಗಸ್ಟ್ ಬಂತು. ಸ್ವತಂತ್ರ ಬಂತು. ರಂಜಾನ್ ತಿಂಗಳೂ ಅದರೊಳಗೇ ಬಂದಿತ್ತು. ಹದಿನೈದರ ಹಿಂದಿನ ಸಂಜೆ, ಉಪವಾಸ ಬಿಡಲು ಖರ್ಜೂರ ತೆಗೆದಿಡುತ್ತಿದ್ದಾಗ ಸತ್ಯಭಾಮಾ ಓಡಿ ಬಂದಳು.

“ಬೀಬಮ್ಮ, ಬೀಬಮ್ಮ! ನಾಳೆ ಸ್ಕೂಲಲ್ಲಿ ನಿನ್ನ ಕತೆ ನಾಟಕ ಆಡ್ತೀವಿ. ಬಾವುಟ ಹಾರಿಸಿದ್ಮೇಲೆ, ಸಾಯಂಕಾಲ. ನಾನೇ ಪರದೇಶಿ!”

“ನೀನಾ? ರಾಜಕುಮಾರಿ ಅಲ್ವೇನೇ?”

“ನಿಂದೀ ಬೀ ಹಾಡೋಕೆ ನಂಗೊಬ್ಬಳಿಗೇ ಬರೋದು, ಅದಕ್ಕೆ. ವಸಂತಮ್ಮ ಟೀಚರು ಹೇಳಿದ್ರು. ಬೀಬಮ್ಮ, ಲಾರಿ ಮಾವನ ಕೆಂಪು ಟೋಪಿ ಕೊಡ್ತೀಯಾ?”

ಕರೀಮಾಬಿಯ ಕಣ್ಣಲ್ಲಿ ನೀರು ಬಂತು. ಕತೆಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಪಾತ್ರ ಪರದೇಶಿಯದು, ಅದು ತನ್ನ ಮಗಳಂಥ ಹುಡುಗಿಗೆ ಸಿಕ್ಕಿದೆ! ಇನಾಯತುಲ್ಲಾನ ಆ ರೂಮಿ ಟೋಪಿ, ಕುಚ್ಚು ಇರುವ ಕೆಂಪು ಟೋಪಿ, ಶುಕ್ರವಾರಕ್ಕೂ ಈದಿಗೂ ಮಾತ್ರ ಪೆಟ್ಟಿಗೆಯಿಂದ ಹೊರಗೆ ಬರುವಂಥದ್ದು.

“ನಾಳೆ ಶುಕ್ರವಾರ. ನಮಾಜ್ ಮುಗಿಸ್ಕೊಂಡು ಬಂದು ಕೊಡ್ತೀನಿ,” ಎಂದ ಇನಾಯತುಲ್ಲಾ. ಆಮೇಲೆ ಹೆಂಡತಿಯ ಮುಖ ನೋಡಿ ಸೇರಿಸಿದ. “ಟೋಪಿ ತಾನೇ ಕೇಳ್ತಿರೋದು, ತಲೆ ಅಲ್ವಲ್ಲ.”

ಮರುದಿನ ಶಾಲೆಯ ಹಾಲ್ ಕಿಕ್ಕಿರಿದಿತ್ತು. ಹೊನ್ನಯ್ಯ ಮೇಷ್ಟ್ರು ಮುಖ್ಯ ಅತಿಥಿ. ಎರಡನೆಯ ಸಾಲಿನಲ್ಲಿ ಶಾಂತಮ್ಮನ ಪಕ್ಕ ಕರೀಮಾಬಿ ಕೂತಳು, ಇನಾಯತುಲ್ಲಾ ಹಿಂದೆ ಗಂಡಸರ ನಡುವೆ ಬರಿತಲೆಯಲ್ಲಿ ನಿಂತ. ಪರದೆ ಸರಿಯಿತು. ಕಿರೀಟ ಹಾಕಿಕೊಂಡ ರಾಜಕುಮಾರಿ ಬಂದಳು, ಕೈಯಲ್ಲಿ ಮೂರು ಬಣ್ಣದ ಬಾವುಟ. ಅವಳಿಗೆ ನಿದ್ದೆಯ ಕಾಯಿಲೆಯೇನೂ ಇದ್ದಂತೆ ಕಾಣಲಿಲ್ಲ. ಕುಣಿದಾಡುತ್ತಿದ್ದಳು.

ಆಮೇಲೆ ಪರದೇಶಿ ಬಂದ. ತೆಂಗಿನ ನಾರಿನ ಗಡ್ಡ, ಚೌಕಳಿ ಲುಂಗಿ, ತಲೆಯ ಮೇಲೆ ಇನಾಯತುಲ್ಲಾನ ಟೋಪಿ. ಜನ ಮೊದಲು ನಕ್ಕರು. ಕರೀಮಾಬಿಯೂ ನಕ್ಕಳು. ಪರದೇಶಿ ನೀರು ಕೇಳಲಿಲ್ಲ. ಕಂಬದ ಮರೆಯಲ್ಲಿ ನಿಂತು, ಈ ರಾಜ್ಯವನ್ನು ನಾನು ನುಂಗುತ್ತೇನೆ, ಇವಳನ್ನು ಮಾಟ ಮಾಡಿ ಮಲಗಿಸುತ್ತೇನೆ ಎಂದು ಹಲ್ಲು ಕಡಿದ. ಎರಡೂ ಕೈ ಮೇಲೆತ್ತಿ, ಬೆರಳುಗಳನ್ನು ಉಗುರಿನಂತೆ ಚಾಚಿ, ಕಣ್ಣು ಅರಳಿಸಿ, ಗಂಟಲಿನಿಂದ ಗೊಗ್ಗರು ದನಿ ತೆಗೆದು ಮಂತ್ರ ಹಾಕಿದ.

“ನಿಂದೀ ಬೀ ಆಯೀ! ಚಪ್ಲಾಂ ಛೋಡ್ಕೊ ಆಯೀ!”

ರಾಜಕುಮಾರಿ ದೊಪ್ಪನೆ ಬಿದ್ದಳು. ಬಾವುಟವೂ ಬಿತ್ತು. ಹಾಲಿನಲ್ಲಿ ಹೋ ಎಂಬ ಕೂಗೆದ್ದಿತು. ವೀರ ಬಾಲಕರು ಓಡಿ ಬಂದು ಪರದೇಶಿಯನ್ನು ಸುತ್ತುಗಟ್ಟಿ ಕಾಗದದ ಕೋಲುಗಳಿಂದ ಬಡಿದರು. ಟೋಪಿ ಉರುಳಿ ಮುಂದಿನ ಸಾಲಿನ ಕಾಲಡಿಗೆ ಬಂತು. “ಓಡ್ಸಿ! ಪಾಕಿಸ್ತಾನಕ್ಕೆ ಓಡ್ಸಿ!” ಎಂದು ಹಿಂದಿನಿಂದ ಯಾವನೋ ಕೂಗಿದ. ಒಂದಷ್ಟು ಜನ ನಕ್ಕರು. ಇನ್ನೊಂದಷ್ಟು ಜನ ಹೊರಳಿ ಇನಾಯತುಲ್ಲಾನನ್ನು ನೋಡಿದರು. ಅವನು ನೆಲ ನೋಡುತ್ತ ನಿಂತಿದ್ದ. ಶಾಂತಮ್ಮ ಕರೀಮಾಬಿಯ ಕೈ ಹಿಡಿದಳು.

ನಾಟಕ ಮುಗಿದ ಮೇಲೆ ಮೇಷ್ಟ್ರು ಜನರನ್ನು ಸರಿಸಿಕೊಂಡು ಇವಳ ಹತ್ತಿರವೇ ಬಂದರು. ಮುಖ ಬಾಡಿತ್ತು.

“ಅಮ್ಮ, ನಾನು ಬರೆದದ್ದು ಬಿಳಿಯರನ್ನ. ದೇವರಾಣೆ. ಬರೀ ಪರದೇಶಿ ಅಂತ ಬರೆದೆ, ಓದಿದವರಿಗೆ ತಿಳಿಯುತ್ತೆ ಅಂದ್ಕೊಂಡೆ.”

ಪಕ್ಕದಲ್ಲಿದ್ದ ವಸಂತಮ್ಮ ಟೀಚರು ಗಾಬರಿಯಾದರು. “ಸಾರ್, ಹ್ಯಾಟು, ಪ್ಯಾಂಟು ಎಲ್ಲಿ ಸಿಗುತ್ತೆ ಈ ಲೈನಿನಲ್ಲಿ? ಲುಂಗಿ, ಟೋಪಿ ಆದ್ರೆ ಪಕ್ಕದ ಮನೇಲೇ ಸಿಕ್ತು. ನಾನೇನೂ ಬೇರೆ ಯೋಚನೆ ಮಾಡ್ಲಿಲ್ಲ.”

ಅದು ನಿಜವೇ. ಯಾರೂ ಬೇರೆ ಯೋಚನೆ ಮಾಡಿರಲಿಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿಟ್ಟರು ಅಷ್ಟೆ. ಆದರೆ ಪೆಟ್ಟು ತಿಂದವರಿಗೆ, ಹೊಡೆದವನು ಯೋಚಿಸಿ ಹೊಡೆದನೋ ಯೋಚಿಸದೆ ಹೊಡೆದನೋ ಎಂಬುದರಿಂದ ಆಗುವ ಲಾಭವೇನು?

“ಮೇಷ್ಟ್ರೇ, ನಾನು ಹೇಳಿದ ಕತೇಲಿ ಅವನು ನೀರು ಕೇಳಿದ್ದ. ಅಲ್ವಾ?” ಎಂದು ಕೇಳಿದಳು ಕರೀಮಾಬಿ.

“ಕೇಳಿದ್ದ ಅಮ್ಮ. ಬರ್ಕೊಂಡಿದ್ದೆ. ಆದ್ರೆ ದೇಶ ಅಷ್ಟು ವರ್ಷ ನಿದ್ದೆ ಹೊಡೆದಿತ್ತು. ಮಲಗಿಸೋ ಕತೆ ಬೇಡ, ಎಬ್ಬಿಸೋ ಕತೆ ಬೇಕು ಅನ್ನಿಸ್ತು. ಎಬ್ಬಿಸ್ಬೇಕಾದ್ರೆ ಮಲಗಿಸಿದವನೊಬ್ಬ ಇರಬೇಕಲ್ಲ.” ಆಮೇಲೆ, “ಮುಂದಿನ ಮುದ್ರಣದಲ್ಲಿ ಸರಿ ಮಾಡ್ತೀನಿ,” ಎಂದರು.

“ನೀವು ನಮ್ಮದೇ ಕತೆ ಅಂದ್ರಿ,” ಎಂದಳು ಅವಳು. ಉಪವಾಸ ಬಿಡುವ ಹೊತ್ತಾಗಿತ್ತು, ಗಂಡ ಹೆಂಡತಿ ಮನೆಗೆ ಹೊರಟರು.

ದಾರಿಯಲ್ಲಿ ಅವಳಿಗೆ ತಟ್ಟನೆ ಹೊಳೆಯಿತು. ಹಗಲು ಕತೆ ಹೇಳಿದರೆ ದಾರಿಹೋಕ ದಾರಿ ತಪ್ಪುತ್ತಾನೆ. ದಾದಿಯ ಮಾತು ಸುಳ್ಳಾಗಿರಲಿಲ್ಲ. ತಾನು ಕಾದದ್ದು ಲಾರಿಯ ದಾರಿ. ದಾರಿ ತಪ್ಪಿದವನು ಕತೆಯೊಳಗಿನ ದಾರಿಹೋಕ. ಅರಮನೆಯ ಬಾಗಿಲಲ್ಲಿ ನೀರು ಕುಡಿಯಬೇಕಾಗಿದ್ದವನು ಎಲ್ಲೆಲ್ಲೋ ಅಲೆದು, ತನ್ನ ಗಂಡನ ಟೋಪಿ ಹಾಕಿಕೊಂಡು, ಸಭೆಯ ನಡುವೆ ಏಟು ತಿಂದ. ಚಿಮಣಿ ದೀಪದಿಂದ ಸೂರ್ಯನಿಗೆ ಮೋಸ ಮಾಡಲು ಆಗಿರಲಿಲ್ಲ. ಅವಳು ಬೀದಿಯಲ್ಲೇ ಅತ್ತಳು. ಇನಾಯತುಲ್ಲಾ ಪಕ್ಕದಲ್ಲೇ ನಡೆದ.

ಈದಿನ ದಿನ ಅವನು ಟೋಪಿ ಹಾಕಿಕೊಳ್ಳಲಿಲ್ಲ. ತಲೆಗೆ ಕರವಸ್ತ್ರ ಕಟ್ಟಿದ. ಯಾಕೆ ಎಂದು ಹೆಂಡತಿ ಕೇಳಿದ್ದಕ್ಕೆ, “ಬಿಗಿಯಾಗ್ತದೆ,” ಎಂದ. ನಾರಿನ ಎಳೆಯೊಂದು ಅದರ ಕುಚ್ಚಿಗೆ ಇನ್ನೂ ಸಿಕ್ಕಿಕೊಂಡಿತ್ತು. ಪ್ರತಿ ವರ್ಷ ಶೀರ್ ಖುರ್ಮಾ ಪಾಯಸಕ್ಕೆ ಬಟ್ಟಲು ಹಿಡಿದು ಸಾಲುಗಟ್ಟುತ್ತಿದ್ದ ಮಕ್ಕಳಲ್ಲಿ ಈ ಸಲ ಅರ್ಧ ಬರಲಿಲ್ಲ. ಕಾಲ ಸರಿ ಇಲ್ಲ, ಪೇಪರಿನಲ್ಲಿ ಏನೇನೋ ಬರ್ತಿದೆ ಎಂದು ತಾಯಂದಿರು ತಡೆದಿದ್ದರಂತೆ. ಪಾತ್ರೆಯ ತಳದಲ್ಲಿ ಉಳಿದ ಹಾಲು ಕೆನೆಗಟ್ಟಿತು. ಕರೀಮಾಬಿ ಅದನ್ನು ಯಾರಿಗೂ ಕೊಡಲಿಲ್ಲ, ಚೆಲ್ಲಲೂ ಇಲ್ಲ, ನೋಡುತ್ತ ಕೂತಳು.

ಅದಾಗಿ ಕೆಲವು ದಿನ ಕಳೆದ ಮೇಲೆ, ದೀಪ ಹಚ್ಚುವ ಹೊತ್ತಿಗೆ ಸತ್ಯಭಾಮಾ ಬಂದಳು. ಅವಳ ಹಿಂದೆ ನಾಲ್ಕಾರು ಮಕ್ಕಳು.

“ಬೀಬಮ್ಮ, ಕತೆ ಹೇಳು.”

ಒಲ್ಲೆ ಅನ್ನಬೇಕೆಂದು ಬಾಯಿ ತೆರೆದವಳು ಹುಡುಗಿಯ ಮುಖ ನೋಡಿದಳು. ಅದರಲ್ಲಿ ಕಳ್ಳತನವಿಲ್ಲ, ಕೆಟ್ಟತನವಿಲ್ಲ. ದೊಡ್ಡವರು ಕೊಟ್ಟ ಪಾತ್ರವನ್ನು ಚೆನ್ನಾಗಿ ಮಾಡಿ ಚಪ್ಪಾಳೆ ಗಿಟ್ಟಿಸಿದ ಹೆಮ್ಮೆಯಷ್ಟೇ. ಕರೀಮಾಬಿ ಜಗಲಿಗೆ ಬಂದು ಕೂತಳು. ಬೇರೆ ನೂರು ಕತೆ ಇದ್ದವು. ಅವಳು ಅದನ್ನೇ ಎತ್ತಿಕೊಂಡಳು.

“ಒಂದೂರಲ್ಲಿ ಒಬ್ಬ ರಾಜ.”

“ಹೂಂ.”

“ಅವನ ಮಗಳಿಗೆ ಹುಟ್ಟಿದಾಗಿಂದ ನಿದ್ದೆ ಇಲ್ಲ.”

“ಹೂಂ.”

“ದಾರಿ ತಪ್ಪಿದ ಒಬ್ಬ ಪರದೇಶಿ ಅರಮನೆ ಬಾಗಿಲಿಗೆ ಬಂದ. ಪಾಪ, ಬಾಯಾರಿತ್ತು.”

ಹೂಂ ಬರಲಿಲ್ಲ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಬೀಬಮ್ಮ, ಅವನು ಕೆಟ್ಟವನು ಅಲ್ವಾ? ಪುಸ್ತಕದಲ್ಲಿ ಹಂಗೇ ಇದೆ,” ಎಂದಳು ಸತ್ಯಭಾಮಾ.

“ಮೊದಲು ನೀನೇ ಹೂಂ ಅಂದಿದ್ದೆಯಲ್ಲೇ, ಆ ಬೇಸಿಗೇಲಿ.”

“ಅವಾಗ ನಂಗೆ ಗೊತ್ತಿರ್ಲಿಲ್ಲ.”

ಕತೆ ನಿಂತಿತು. ಕಾನೂನು ಕಾನೂನೇ. ಕರೀಮಾಬಿ ಕೂತೇ ಇದ್ದಳು. ಒಂದು ಹೂಂ ಇಲ್ಲದೆ ಪರದೇಶಿ ಹೊಸಿಲು ದಾಟುವಂತಿರಲಿಲ್ಲ. ತನ್ನ ಕೂಸೇ ತನಗೆ ಹೂಂ ಅನ್ನಲಿಲ್ಲ. ಎದ್ದು ಒಳಗೆ ಹೋಗೋಣವೆಂದು ನೆಲಕ್ಕೆ ಕೈ ಊರಿದಳು.

“ಹೂಂ.”

ದನಿ ಒಳಗಿನಿಂದ ಬಂತು. ಅದರ ಹಿಂದೆಯೇ ಕೆಮ್ಮು. ಮದುವೆಯಾದಂದಿನಿಂದ ಅವಳ ಒಂದು ಕತೆಗೂ ಕಿವಿಗೊಡದಿದ್ದ ಇನಾಯತುಲ್ಲಾ, ಬಾಗಿಲ ಹಿಂದೆ ಕೂತಿದ್ದ. ಕರೀಮಾಬಿಯ ಕೈ ನೆಲದಿಂದ ಮೇಲೆ ಬಂತು.

“ಕೈಸನ್ನೆ ಮಾಡಿ ನೀರು ಕೇಳಿದ.”

“ಹೂಂ.”

“ರಾಜಕುಮಾರಿ ತಾನೇ ಬಂದು ಕೊಟ್ಟಳು. ಅವಳ ಕಣ್ಣು ನೋಡಿ ಅವನಿಗೆ ಅಯ್ಯೋ ಅನ್ನಿಸ್ತು. ಅವನಮ್ಮ ಅವನಿಗೆ ಹಾಡಿದ ಜೋಗುಳ ಹಾಡಿದ.”

“ಹೂಂ.”

ಹಾಡಲು ಬಾಯಿ ತೆರೆದಳು, ದನಿ ಹೊರಡಲಿಲ್ಲ. ಬೀಬಮ್ಮ ತಡವರಿಸಿದ್ದು ಕಂಡು ಸತ್ಯಭಾಮಾ ತಾನೇ ನೆರವಿಗೆ ಬಂದಳು. ಎರಡೂ ಕೈ ಮೇಲೆತ್ತಿದಳು, ಬೆರಳು ಚಾಚಿದಳು, ಕಣ್ಣು ಅರಳಿಸಿದಳು. ಅವಳಿಗೆ ಈಗ ಬರುತ್ತಿದ್ದದ್ದು ಅದೊಂದೇ ರೀತಿ.

“ನಿಂದೀ ಬೀ ಆಯೀ!”

ಮಕ್ಕಳು ಚಪ್ಪಾಳೆ ತಟ್ಟಿದರು. ಒಳಗಿನಿಂದ ಹೂಂ ಬರಲಿಲ್ಲ.

ಕರೀಮಾಬಿ ಹುಡುಗಿಯ ಕೈಗಳನ್ನು ಹಿಡಿದು ಕೆಳಗಿಳಿಸಿದಳು. ಚಾಚಿದ ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು. “ಹಂಗಲ್ಲ ಮಗಳೇ. ಮೆತ್ತಗೆ. ಚಪ್ಪಲಿ ಬಿಟ್ಟು ಬರ್ತಾಳೆ ಅಂತಲ್ವಾ? ಸದ್ದಾಗಬಾರದು. ಇನ್ನೊಂದ್ಸಲ ಹೇಳು.”

ಸತ್ಯಭಾಮಾ ಮತ್ತೆ ಶುರು ಮಾಡಿದಳು, ದನಿ ಸ್ವಲ್ಪ ತಗ್ಗಿತ್ತು. ಚಪ್ಲಾಂ ಅನ್ನುವಷ್ಟರಲ್ಲಿ ಕೈ ತಾನಾಗಿ ಮೇಲೆದ್ದಿತು. ಕರೀಮಾಬಿ ಅದನ್ನು ಹಿಡಿದು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು, ಬಿಡಲಿಲ್ಲ.

“ಇನ್ನೊಂದ್ಸಲ,” ಎಂದಳು.

ಬಾಗಿಲ ಹಿಂದೆ ಇನಾಯತುಲ್ಲಾ ಕೆಮ್ಮು ತಡೆದುಕೊಂಡು ಕಾಯುತ್ತಿದ್ದ.